ಪ್ರಾಜೆಕ್ಟ್ ಪರೀಕ್ಷಕರೇ, ಬೈಂಡಿಂಗ್ ಬದಿಗಿಡಿ, ಲಾಗ್ ತೆರೆಸಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಮುಗಿಸಿದ ಮಕ್ಕಳಿಗೆ ಕೆಲಸ ಸಿಗುತ್ತಿಲ್ಲ, ಸಿಕ್ಕವರಿಗೆ ಕೆಲಸ ಬರುವುದಿಲ್ಲ ಎಂಬ ಮಾತು ಬೆಂಗಳೂರಿನಲ್ಲಿ ದಿನಾ ಕಿವಿಗೆ ಬೀಳುತ್ತದೆ. ಅಷ್ಟು ದೊಡ್ಡ ವಿಷಯಕ್ಕೆ ನಾನು ಕೈಹಾಕುವುದಿಲ್ಲ. ನನ್ನದು ಒಂದು ಚಿಕ್ಕ ಬೇಡಿಕೆ. ಕೊನೆಯ ವರ್ಷದ ಪ್ರಾಜೆಕ್ಟ್ ವೈವಾದಲ್ಲಿ ಪರೀಕ್ಷಕರು ಬೈಂಡ್ ಮಾಡಿಸಿದ ರಿಪೋರ್ಟ್ ತಿರುವಿ ಹಾಕುವ ಮೊದಲು ವಿದ್ಯಾರ್ಥಿಯ ಲ್ಯಾಪ್‌ಟಾಪ್‌ನಲ್ಲಿ ‘ಗಿಟ್ ಲಾಗ್’ ಎಂದು ಟೈಪ್ ಮಾಡಿಸಲಿ. ಕೋಡ್‌ನಲ್ಲಿ ಯಾರು, ಯಾವಾಗ, ಏನು ಬದಲಾಯಿಸಿದರು ಎಂಬ ಪಟ್ಟಿ ಅದು. ಹತ್ತು ನಿಮಿಷ ಅದನ್ನೇ ನೋಡಲಿ. ಮಿಕ್ಕಿದ್ದು ಆಮೇಲೆ.

ರಾಜಾಜಿನಗರದಲ್ಲಿ ನಮ್ಮದೊಂದು ಪುಟ್ಟ ಆಫೀಸು. ಕೆಳಗೆ ಬೇಕರಿ, ಮೇಲೆ ನಾವು. ಕಿರಾಣಿ ಅಂಗಡಿ, ಹೋಟೆಲ್, ಹೋಲ್‌ಸೇಲ್ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದು ಕೊಡುತ್ತೇವೆ. ಹೊಸಬರನ್ನು ತೆಗೆದುಕೊಳ್ಳುವಾಗ ಮಾತಾಡಿಸುವ ಕೆಲಸ ನನ್ನದು. ಬರುವ ಹುಡುಗ ಹುಡುಗಿಯರು ಒಳ್ಳೆಯವರೇ. ಕೆಲವರು ತುಮಕೂರಿನಿಂದ, ಹಾಸನದಿಂದ ಬೆಳಗಿನ ರೈಲು ಹತ್ತಿ ಬಂದಿರುತ್ತಾರೆ. ಪ್ರಾಜೆಕ್ಟ್ ತೋರಿಸಿ ಅಂದರೆ ಖುಷಿಯಿಂದ ತೋರಿಸುತ್ತಾರೆ. ಕೋಡ್ ಇಡುವ ವೆಬ್‌ಸೈಟ್ ಗಿಟ್‌ಹಬ್‌ನ ಲಿಂಕ್ ರೆಸ್ಯೂಮೆಯಲ್ಲಿ ಹೆಸರಿನ ಕೆಳಗೇ ಇರುತ್ತದೆ. ತೆರೆದರೆ ಅಲ್ಲಿರುವುದು ಒಂದೇ ಒಂದು ಕಮಿಟ್, ಅಂದರೆ ಬದಲಾವಣೆಯ ಒಂದೇ ನಮೂದು. ಅದರ ಹೆಸರು ‘ಫಸ್ಟ್ ಕಮಿಟ್’. ಇದ್ದಬದ್ದ ಫೈಲೆಲ್ಲ ಒಂದೇ ಏಟಿಗೆ, ವೈವಾದ ಹಿಂದಿನ ರಾತ್ರಿ.

ಆಮೇಲೆ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ.

‘ಇದರಲ್ಲಿ ನೀನು ಬರೆದದ್ದು ಯಾವುದಪ್ಪ?’

‘ಎಲ್ಲಾ ನಾವೇ ಮಾಡಿದ್ದು ಮೇಡಂ. ನಾಲ್ಕು ಜನ ಇದ್ವಿ.’

‘ಸರಿ, ಈ ರಿಪೋರ್ಟ್ ಪುಟ ಯಾರು ಮಾಡಿದ್ದು?’

‘ಅದು ಎಲ್ಲರೂ ಸೇರಿ ಮೇಡಂ.’

‘ಮೊದಲು ಹೇಗಿತ್ತು? ಆಮೇಲೆ ಯಾಕೆ ಬದಲಾಯಿಸಿದ್ರಿ?’

ಇಲ್ಲಿಗೆ ಮಾತು ನಿಲ್ಲುತ್ತದೆ. ಆ ಹುಡುಗ ಸುಳ್ಳು ಹೇಳುತ್ತಿದ್ದಾನೆ ಅಂತ ನಾನು ಅನ್ನುವುದಿಲ್ಲ. ನಿಜಕ್ಕೂ ನಾಲ್ಕು ಜನ ರಾತ್ರಿಯೆಲ್ಲ ಕೂತು ಬರೆದಿರಬಹುದು. ಆದರೆ ಅವರು ಪಟ್ಟ ಕಷ್ಟದ ಒಂದು ಗುರುತೂ ಅಲ್ಲಿ ಉಳಿದಿಲ್ಲ. ಬಸ್ ಸ್ಟಾಪಿನ ಪಕ್ಕದ ಮಹಡಿಯಲ್ಲಿ ‘ಫೈನಲ್ ಇಯರ್ ಪ್ರಾಜೆಕ್ಟ್ ಸಿಗುತ್ತದೆ’ ಎಂಬ ಬೋರ್ಡ್ ಹಾಕಿಕೊಂಡವರ ಹತ್ತಿರ ದುಡ್ಡು ಕೊಟ್ಟು ತಂದ ಪ್ರಾಜೆಕ್ಟೂ ನೋಡಲು ಥೇಟ್ ಹೀಗೇ ಇರುತ್ತದೆ. ಅಲ್ಲಿ ಕೋಡ್, ರಿಪೋರ್ಟ್, ಪಿಪಿಟಿ, ವೈವಾದಲ್ಲಿ ಕೇಳಬಹುದಾದ ಪ್ರಶ್ನೆ, ಅದಕ್ಕೆ ಉತ್ತರ ಎಲ್ಲ ಒಂದೇ ಪ್ಯಾಕೇಜು. ಕಷ್ಟಪಟ್ಟವನಿಗೂ ಕೊಂಡುತಂದವನಿಗೂ ವ್ಯತ್ಯಾಸ ಕಾಣದಂತೆ ನಾವೇ ವ್ಯವಸ್ಥೆ ಮಾಡಿಟ್ಟಿದ್ದೇವೆ. ಅದು ನನ್ನ ಸಿಟ್ಟು.

ಈ ಕೆಲಸದವರಲ್ಲದ ಓದುಗರಿಗಾಗಿ ಎರಡು ಮಾತು. ಕಂಪ್ಯೂಟರ್ ಪ್ರೋಗ್ರಾಮ್ ಅಂದರೆ ಸಾವಿರಾರು ಸಾಲುಗಳ ಬರಹ. ಅದು ದಿನಾ ಬದಲಾಗುತ್ತದೆ, ನಾಲ್ಕೈದು ಕೈ ಅದರ ಮೇಲೆ ಓಡಾಡುತ್ತವೆ. ಯಾರು, ಯಾವತ್ತು, ಯಾವ ಸಾಲು, ಯಾಕೆ ಬದಲಾಯಿಸಿದರು ಎಂದು ಲೆಕ್ಕ ಇಡುವ ಸಾಧನಗಳಿಗೆ ವರ್ಷನ್ ಕಂಟ್ರೋಲ್ ಎನ್ನುತ್ತಾರೆ. ಈಗ ಹೆಚ್ಚಿನವರು ಬಳಸುವುದು ಗಿಟ್. ಅಂಗಡಿಯವರ ಹಳೆಯ ಕಿರ್ದಿ ಪುಸ್ತಕ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಿರ್ದಿಯಲ್ಲಿ ತಪ್ಪಾದರೆ ಹಾಳೆ ಹರಿಯುವುದಿಲ್ಲ, ಕೆಳಗೆ ಉಲ್ಟಾ ನಮೂದು ಬರೆದು ಸರಿ ಮಾಡುತ್ತಾರೆ. ಗಿಟ್‌ನ ‘ರಿವರ್ಟ್’ ಮಾಡುವುದೂ ಅದನ್ನೇ. ಪ್ರತಿ ನಮೂದಿಗೆ ಕಮಿಟ್ ಅಂತ ಹೆಸರು. ಪ್ರತಿ ಕಮಿಟ್‌ಗೂ 40 ಅಕ್ಷರದ ಒಂದು ಗುರುತು ಇರುತ್ತದೆ. ಅದನ್ನು ಲೆಕ್ಕ ಹಾಕುವಾಗ ಹಿಂದಿನ ಕಮಿಟ್‌ನ ಗುರುತೂ ಸೇರುವುದರಿಂದ, ನಡುವಿನ ಒಂದನ್ನು ತಿದ್ದಿದರೆ ಮುಂದಿನವೆಲ್ಲದರ ಗುರುತೂ ಬದಲಾಗುತ್ತದೆ.

ಕಾಲೇಜಿನಲ್ಲಿ ಇದನ್ನು ಕೋಡ್ ಇಡುವ ಗೋದಾಮು ಅಂದುಕೊಂಡಿದ್ದಾರೆ. ಕೆಲಸದ ಜಾಗದಲ್ಲಿ ಇದರ ಬೆಲೆ ಬೇರೆಯೇ. ಒಂದು ಉದಾಹರಣೆ ವಿವರವಾಗಿ ಹೇಳುತ್ತೇನೆ.

ನಮ್ಮ ಸಾಫ್ಟ್‌ವೇರ್‌ನಲ್ಲಿ ತೆರಿಗೆ ದರದ ಫೈಲ್ ಒಂದಿದೆ. ಅದರ ಲಾಗ್ ತೆರೆದರೆ ಜಿಎಸ್‌ಟಿಯ ಚರಿತ್ರೆಯೇ ಸಿಗುತ್ತದೆ. 2017ರ ಜುಲೈ 1, ಜಿಎಸ್‌ಟಿ ಶುರು. ಅದೇ ವರ್ಷ ನವೆಂಬರ್ 15, ಸಾಮಾನ್ಯ ಹೋಟೆಲ್‌ಗಳ ಊಟ ತಿಂಡಿ ಮೇಲಿನ ತೆರಿಗೆ ಶೇ 5ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, ಶಾಂಪೂ, ಟೂತ್‌ಪೇಸ್ಟ್ ಶೇ 18ರಿಂದ 5ಕ್ಕೆ ಬಂದವು, ತುಪ್ಪ 12ರಿಂದ 5ಕ್ಕೆ. ಆ ಬದಲಾವಣೆ ಆದಮೇಲೆ ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೈಲ್ ಚೊಕ್ಕ ಮಾಡಲು ಕೂತಳು. ಬಿಲ್ಲಿನ ತಾರೀಖು ಸೆಪ್ಟೆಂಬರ್ 22ಕ್ಕಿಂತ ಹಿಂದಿನದಾದರೆ ಹಳೆ ದರ ಹಾಕು ಎನ್ನುವ ಸಾಲು ಅವಳ ಕಣ್ಣಿಗೆ ಬಿತ್ತು.

‘ಮೇಡಂ, ಇದನ್ನ ತೆಗೆದುಬಿಡ್ಲಾ? ಹಳೆ ದರ ಇನ್ನು ಯಾರಿಗೆ ಬೇಕು?’

‘ತೆಗಿಯಮ್ಮ, ಆದ್ರೆ ಮೊದ್ಲು ಬ್ಲೇಮ್ ನೋಡು’ ಅಂದೆ.

‘ಗಿಟ್ ಬ್ಲೇಮ್’ ಅಂದರೆ ಪ್ರತಿ ಸಾಲಿನ ಪಕ್ಕ ಅದನ್ನು ಕೊನೆಯ ಸಲ ಮುಟ್ಟಿದವರ ಹೆಸರು, ತಾರೀಖು, ಕಮಿಟ್‌ನ ಗುರುತು ತೋರಿಸುವ ಆಜ್ಞೆ. ಅವಳು ಆ ಗುರುತು ಹಿಡಿದು ಕಮಿಟ್ ತೆರೆದಳು. ಅದರಲ್ಲಿ ಬರೆದಿತ್ತು: ‘ಹಳೆ ಬಿಲ್ಲಿನ ಮಾಲು ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಳೆ ದರದಲ್ಲೇ ಹೋಗಬೇಕು. ಯಶವಂತಪುರದ ಗಿರಾಕಿಯ ಆಡಿಟರ್ ಹತ್ತಿರ ಕೇಳಿ ಖಚಿತ ಮಾಡಿಕೊಂಡಿದ್ದು. ಈ ಸಾಲು ತೆಗೆಯಬೇಡಿ.’ ಕ್ರೆಡಿಟ್ ನೋಟ್ ಅಂದರೆ ಮಾಲು ವಾಪಸ್ ಬಂದಾಗ ಗಿರಾಕಿಗೆ ಕೊಡುವ ಜಮಾ ಚೀಟಿ.

ಅದನ್ನು ಬರೆದ ಹುಡುಗ ಈಗ ನಮ್ಮಲ್ಲಿಲ್ಲ, ವೈಟ್‌ಫೀಲ್ಡ್ ಕಡೆ ದೊಡ್ಡ ಕಂಪನಿ ಸೇರಿದ. ಅವನ ಮಾತು ಮಾತ್ರ ಇಲ್ಲೇ ಕೆಲಸ ಮಾಡುತ್ತಿದೆ. ಆ ಸಾಲು ಹೋಗಿದ್ದರೆ ಏನಾಗುತ್ತಿತ್ತು ನೋಡಿ. ಹತ್ತು ಸಾವಿರ ರೂಪಾಯಿಯ ಶಾಂಪೂ ವಾಪಸ್ ಬಂದರೆ ತೆರಿಗೆ 1,800 ರೂಪಾಯಿ ಹಿಂದಕ್ಕೆ ಹೋಗಬೇಕು. ನಮ್ಮ ಬಿಲ್ಲು 500 ಅಂತ ತೋರಿಸುತ್ತಿತ್ತು. ಪ್ರೋಗ್ರಾಮ್ ಸಲೀಸಾಗಿ ಓಡುತ್ತಲೇ ಇರುತ್ತಿತ್ತು. ತಪ್ಪು ಗೊತ್ತಾಗುವುದು ರಿಟರ್ನ್ಸ್ ಸಲ್ಲಿಸುವಾಗ, ಅದೂ ಗಿರಾಕಿ ಬೈದ ಮೇಲೆ. ಏನು ಬದಲಾಯಿತು ಅನ್ನುವುದನ್ನು ಗಿಟ್ ತಾನೇ ತೋರಿಸುತ್ತದೆ. ಯಾಕೆ ಬದಲಾಯಿತು ಅನ್ನುವುದನ್ನು ಮನುಷ್ಯನೇ ಬರೆಯಬೇಕು. ಅದನ್ನು ಬರೆಯುವ ಅಭ್ಯಾಸ ಕಾಲೇಜಿನಲ್ಲೇ ಆಗಲಿ ಅಂತ ನನ್ನ ಆಸೆ.

ಇನ್ನೊಂದು ಸಲ ಹಬ್ಬದ ಸಮಯದಲ್ಲಿ ಒಬ್ಬ ಅಂಗಡಿಯವರು ಫೋನ್ ಮಾಡಿದರು. ‘ಏನ್ ಮೇಡಂ, ನಂಬರ್ ಒನ್ ಕಡ್ಲೆಹಿಟ್ಟು ಹೋಗಿ ಬಿಲ್ಲಲ್ಲಿ ಕಡ್ಲೆಹಿಟ್ ಅಂತ ಬರ್ತಿದೆ, ಸಿನಿಮಾ ಹಿಟ್ ಆದ್ ಹಂಗೆ!’ ನಗು ಬಂತು, ಆದರೆ ಯಾವತ್ತಿನಿಂದ ಹೀಗೆ ಬರುತ್ತಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ಕೊಟ್ಟ ಆವೃತ್ತಿ ಸರಿ ಇತ್ತು ಅನ್ನುವುದಷ್ಟೇ ಖಾತ್ರಿ. ಇಂಥ ಕಡೆ ‘ಗಿಟ್ ಬೈಸೆಕ್ಟ್’ ಕೈಹಿಡಿಯುತ್ತದೆ. ಒಂದು ಒಳ್ಳೆಯ ಕಮಿಟ್, ಒಂದು ಕೆಟ್ಟ ಕಮಿಟ್ ತೋರಿಸಿದರೆ ಅದು ನಟ್ಟನಡುವಿನದನ್ನು ಎತ್ತಿಕೊಟ್ಟು ‘ಇದು ಸರಿ ಇದೆಯಾ’ ಅನ್ನುತ್ತದೆ. ಇದೆ ಅಂದರೆ ಹಿಂದಿನ ಅರ್ಧ ಕೈಬಿಡುತ್ತದೆ, ಇಲ್ಲ ಅಂದರೆ ಮುಂದಿನ ಅರ್ಧ. ಸಾವಿರ ಬದಲಾವಣೆ ಇದ್ದರೂ ಹತ್ತು ಸಲ ನೋಡಿದರೆ ಸಾಕು. ನಮಗೆ ಸಿಕ್ಕ ಕಳ್ಳ ಏನು ಗೊತ್ತಾ? ಸಣ್ಣ ಅಗಲದ ಬಿಲ್ ಪೇಪರಿಗೆ ಹೊಂದಿಸಲು ಸಾಮಾನಿನ ಹೆಸರನ್ನು ಇಷ್ಟೇ ಅಕ್ಷರಕ್ಕೆ ಕತ್ತರಿಸು ಅಂತ ಯಾರೋ ಬರೆದಿದ್ದರು. ನಮಗೆ ‘ಟ್ಟು’ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಅದು ಟ, ವಿರಾಮ (ಅರ್ಧಾಕ್ಷರದ ಚಿಹ್ನೆ), ಇನ್ನೊಂದು ಟ, ಉಕಾರ, ಹೀಗೆ ನಾಲ್ಕು. ಕತ್ತರಿ ನಡುವೆ ಬಿದ್ದಿತ್ತು. ಆ ಕಮಿಟ್‌ನಲ್ಲಿ ಬದಲಾಗಿದ್ದು ಎರಡೇ ಸಾಲು, ಹಾಗಾಗಿ ಕಂಡ ಕೂಡಲೇ ಗೊತ್ತಾಯಿತು. ಅದೇ ಒಂದು ಕಮಿಟ್‌ನಲ್ಲಿ ಎಪ್ಪತ್ತು ಫೈಲ್ ತುಂಬಿದ್ದರೆ ಬೈಸೆಕ್ಟ್ ಬಂದು ತೋರಿಸಿದರೂ ಏನು ಪ್ರಯೋಜನ? ಕಮಿಟ್ ಚಿಕ್ಕದಿರಲಿ, ಒಂದು ಕಮಿಟ್‌ಗೆ ಒಂದೇ ಕೆಲಸ ಇರಲಿ ಅಂತ ಹಿರಿಯರು ತಲೆ ತಿನ್ನುವುದು ಇದಕ್ಕೇ.

ಹೊಸಬರ ಕಮಿಟ್ ಸಂದೇಶಗಳಲ್ಲಿ ಇರುವುದು ‘ಅಪ್‌ಡೇಟ್’, ‘ಚೇಂಜಸ್’, ‘ಫಿಕ್ಸ್ಡ್’. ಕೇಳಿದರೆ ಬಾಯಿಮಾತಿನಲ್ಲಿ ಚೆನ್ನಾಗಿ ವಿವರಿಸುತ್ತಾರೆ, ಬರೆಯಲು ಹೋದರೆ ಇಂಗ್ಲಿಷ್ ಅಡ್ಡ ಬರುತ್ತದೆ. ಕನ್ನಡದಲ್ಲಿ ಬರೆಯಿರಿ ಅಂದರೆ ಮುಖ ಮುಖ ನೋಡುತ್ತಾರೆ, ಹಾಗೆಲ್ಲ ಮಾಡಬಹುದಾ ಎನ್ನುವಂತೆ. ಧಾರಾಳವಾಗಿ ಮಾಡಬಹುದು. ಗಿಟ್‌ಗೆ ಕನ್ನಡದ ಸಂದೇಶ ಒಂದು ಸಮಸ್ಯೆಯೇ ಅಲ್ಲ. ನಮ್ಮ ಆಫೀಸಿನಲ್ಲಿ ಅರ್ಧಕ್ಕರ್ಧ ಕನ್ನಡದಲ್ಲೇ ಇವೆ. ಹೊರದೇಶದ ತಂಡದ ಜೊತೆ ಕೆಲಸ ಮಾಡುವಾಗ ಇಂಗ್ಲಿಷ್ ಬೇಕು, ಒಪ್ಪುತ್ತೇನೆ. ಕಾಲೇಜಿನ ಪ್ರಾಜೆಕ್ಟಿಗೆ, ನಮ್ಮಂಥ ಆಫೀಸಿಗೆ ಯಾಕೆ ಬೇಕು? ಒಂದೇ ಕಿರಿಕಿರಿ ಅಂದರೆ ಫೈಲಿನ ಹೆಸರನ್ನೇ ಕನ್ನಡದಲ್ಲಿ ಇಟ್ಟರೆ ಬದಲಾದ ಫೈಲ್‌ಗಳನ್ನು ತೋರಿಸುವ ‘ಗಿಟ್ ಸ್ಟೇಟಸ್’ನಲ್ಲಿ ‘ಕ’ ಇರಬೇಕಾದ ಕಡೆ \340\262\225 ಅಂತ ಅಂಕಿಗಳ ಸಾಲು ಬರುತ್ತದೆ. ನೋಡಿದವರು ಫೈಲ್ ಕೆಟ್ಟಿತು ಅಂತ ಗಾಬರಿಯಾಗುತ್ತಾರೆ. ಕೆಟ್ಟಿರುವುದಿಲ್ಲ. ಗಿಟ್‌ನ ಕಾನ್ಫಿಗ್‌ನಲ್ಲಿ, ಅಂದರೆ ಸೆಟ್ಟಿಂಗ್‌ನಲ್ಲಿ, ‘ಕೋರ್’ ಕೆಳಗಿನ ‘ಕೋಟ್‌ಪಾತ್’ ಎಂಬುದನ್ನು ಫಾಲ್ಸ್ ಮಾಡಿದರೆ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಇದೆಲ್ಲ ಹೊಸ ಫ್ಯಾಷನ್ ಅಂತ ಕೆಲವು ಮೇಷ್ಟ್ರುಗಳು ಅಂದುಕೊಂಡ ಹಾಗಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರೋಚ್‌ಕೈಂಡ್ ಎಂಬುವರು ಎಸ್‌ಸಿಸಿಎಸ್ ಎಂಬ ವರ್ಷನ್ ಕಂಟ್ರೋಲ್ ಸಾಧನ ಮಾಡಿದ್ದು 1972ರಲ್ಲಿ. ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿದ್ದ ಸಾಧನದಲ್ಲಿ ಒಬ್ಬರು ಫೈಲ್ ತೆಗೆದುಕೊಂಡರೆ ಅದು ಮಿಕ್ಕವರಿಗೆ ಲಾಕ್. ಫೈಲ್ ಬಿಡದೆ ಯಾರಾದರೂ ಹಬ್ಬಕ್ಕೆ ಹುಬ್ಬಳ್ಳಿಗೆ ಹೋದರೆ ಎಸ್‌ಟಿಡಿ ಬೂತಿನಿಂದ ಅವರ ಪಕ್ಕದ ಮನೆಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳಬೇಕಿತ್ತು. ಗಿಟ್ ಬಂದದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಂಡ ಅಲ್ಲಿಯತನಕ ಬಿಟ್‌ಕೀಪರ್ ಎಂಬ ಸಾಧನವನ್ನು ಪುಕ್ಕಟೆಯಾಗಿ ಬಳಸುತ್ತಿತ್ತು. ಆ ಅನುಮತಿ ಹೋಯಿತು. ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ತಾವೇ ಒಂದನ್ನು ಬರೆಯಲು ಕೂತರು, ಕೆಲವೇ ದಿನಗಳಲ್ಲಿ ಗಿಟ್‌ನ ಕೋಡನ್ನು ಗಿಟ್‌ನಲ್ಲೇ ಇಡುವಷ್ಟು ಆಯಿತು. ಲಿನಕ್ಸ್‌ನ ಲಾಗ್ ಯಾರು ಬೇಕಾದರೂ ಓದಬಹುದು. ವಿದ್ಯಾರ್ಥಿಗಳಿಗೆ ನಾನು ಅದನ್ನೇ ಓದಿ ಅನ್ನುತ್ತೇನೆ. ಅಲ್ಲಿ ಒಂದು ಸಾಲಿನ ತಿದ್ದುಪಡಿಗೆ ಎರಡು ಪ್ಯಾರಾ ಕಾರಣ ಬರೆದಿರುತ್ತಾರೆ. ಯಾವ ಹಳೆಯ ಬದಲಾವಣೆಯಿಂದ ದೋಷ ಬಂತೋ ಅದರ ಗುರುತಿನ ಮೊದಲ 12 ಅಕ್ಷರಗಳನ್ನು ‘ಫಿಕ್ಸಸ್’ ಎಂದು ಕೆಳಗೆ ಹಾಕುವ ಪದ್ಧತಿ ಇದೆ. ದೋಷ ಯಾರಿಂದ ಬಂತು ಅಂತ ಮುಜುಗರ ಪಡುವ ಮಾತೇ ಇಲ್ಲ.

ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಒಂದು ಒಳ್ಳೆಯ ಕೆಲಸ ಮಾಡಿದೆ. 2022ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಕಂಪ್ಯೂಟರ್ ಸೈನ್ಸ್ ಮೂರನೇ ಸೆಮಿಸ್ಟರಿಗೆ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಎಂಬ ಲ್ಯಾಬ್ ಇಟ್ಟಿದೆ. ಅದು ಆಯ್ಕೆಯ ವಿಷಯ. ಬ್ರಾಂಚ್, ಮರ್ಜ್, ಟ್ಯಾಗ್‌ನಂಥ ಗಿಟ್ ಆಜ್ಞೆಗಳೆಲ್ಲ ಅದರಲ್ಲಿ ಬರುತ್ತವೆ. ನಮ್ಮ ಅಕ್ಕನ ಮಗಳು ಈ ಲ್ಯಾಬ್ ಮುಗಿಸಿದ್ದಾಳೆ. ಅವಳ ರೆಕಾರ್ಡ್ ಪುಸ್ತಕ ನೋಡಿದೆ. ಆಜ್ಞೆಗಳು ಮುದ್ದಾದ ಕೈಬರಹದಲ್ಲಿವೆ, ಔಟ್‌ಪುಟ್ ಕೂಡ ಕೈಯಲ್ಲೇ ಬರೆದದ್ದು, ಆ 40 ಅಕ್ಷರದ ಗುರುತು ಸಮೇತ! ಪಾಪ, ಯಾವ ಪುಣ್ಯಕ್ಕೆ ಅಂತ. ‘ಚಿಕ್ಕಮ್ಮ, ನೀಟಾಗಿಲ್ಲ ಅಂದ್ರೆ ಸಹಿ ಹಾಕಲ್ಲ’ ಅಂದಳು. ಈಗ ಅವಳು ಏಳನೇ ಸೆಮಿಸ್ಟರ್‌ನಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದಾಳೆ, ಅದನ್ನು ವಾಟ್ಸ್ಯಾಪ್ ಗುಂಪಿನಲ್ಲಿ ಜಿಪ್ ಫೈಲ್ ಮಾಡಿ ಕಳಿಸಿಕೊಳ್ಳುತ್ತಿದ್ದಾರೆ. ಮೂರನೇ ಸೆಮಿಸ್ಟರ್‌ನಲ್ಲಿ ಕಲಿತದ್ದು ಏಳನೆಯದಕ್ಕೆ ಬರಲಿಲ್ಲ. ಯಾಕೆಂದರೆ ಅಲ್ಲಿ ಅದಕ್ಕೆ ಮಾರ್ಕ್ಸ್ ಇಲ್ಲ, ಕೇಳುವವರೂ ಇಲ್ಲ.

ಲಾಗ್ ನೋಡಿ ಅಂದರೆ ಬರುವ ಮೊದಲ ಆಕ್ಷೇಪ, ಇದನ್ನೂ ನಕಲಿ ಮಾಡಬಹುದಲ್ವಾ ಅನ್ನುವುದು. ಮಾಡಬಹುದು. ಕಮಿಟ್‌ನ ತಾರೀಖನ್ನು ನಮಗೆ ಬೇಕಾದ ಹಾಗೆ ಕೊಡಬಹುದು, ಹೆಸರನ್ನೂ ಕೊಡಬಹುದು. ಗಿಟ್ ಅದನ್ನು ತಡೆಯುವುದಿಲ್ಲ. ನಾಳೆ ಬೋರ್ಡ್ ಹಾಕಿಕೊಂಡ ಆ ಮಹಡಿಯವರು ಲಾಗ್ ಸಮೇತ ಮಾರಲೂ ಶುರು ಮಾಡಬಹುದು. ಅದಕ್ಕೇ ನಾನು ಲಾಗ್ ಎಣಿಸಿ ಅನ್ನುತ್ತಿಲ್ಲ, ಲಾಗ್ ಹಿಡಿದು ಪ್ರಶ್ನೆ ಕೇಳಿ ಅನ್ನುತ್ತಿದ್ದೇನೆ. ನಡುವಿನ ಯಾವುದೋ ಒಂದು ಕಮಿಟ್ ತೆರೆಸಿ. ‘ಇಲ್ಲಿ ಈ ಸಾಲು ತೆಗೆದು ಇದನ್ನು ಹಾಕಿದ್ದೀಯಲ್ಲ, ಅವತ್ತು ಏನಾಗಿತ್ತು?’ ಅಂತ ಕೇಳಿ. ಮಾಡಿದವರು ತಡೆಯಿಲ್ಲದೆ ಹೇಳುತ್ತಾರೆ. ‘ಸರ್, ಅವತ್ತು ಎರಡು ಸಲ ಒತ್ತಿದ್ರೆ ಎರಡು ಎಂಟ್ರಿ ಆಗ್ತಿತ್ತು’ ಅನ್ನುವಂಥ ಉತ್ತರ ಬಾಯಿಪಾಠದಿಂದ ಬರುವುದಿಲ್ಲ. ಕೊಂಡುತಂದ ಪ್ರಶ್ನೋತ್ತರದ ಕಟ್ಟಿನಲ್ಲಿ ಎಲ್ಲ ಕಮಿಟ್‌ಗೂ ಉತ್ತರ ಇಡಲು ಯಾರಿಂದಲೂ ಆಗದು.

ಈಗ ಎಐ ಕೋಡ್ ಬರೆದುಕೊಡುತ್ತದೆ, ಇನ್ನು ಇದೆಲ್ಲ ಯಾಕೆ ಅನ್ನುವವರೂ ಇದ್ದಾರೆ. ನಾವೂ ಬಳಸುತ್ತೇವೆ, ಬೇಡ ಅನ್ನುವ ಹಟ ಇಲ್ಲ. ಅದು ಕೊಟ್ಟದ್ದರಲ್ಲಿ ಏನು ಇಟ್ಟುಕೊಂಡೆ, ಏನು ಬಿಟ್ಟೆ, ಯಾಕೆ ಬಿಟ್ಟೆ ಅನ್ನುವುದನ್ನು ಕೇಳಬೇಕಲ್ಲ? ಅದಕ್ಕೂ ಲಾಗೇ ಬೇಕು. ಕೋಡ್ ಮಾತ್ರ ನೋಡಿ ಮಾರ್ಕ್ಸ್ ಕೊಟ್ಟರೆ ಇನ್ನುಮುಂದೆ ಯಂತ್ರಕ್ಕೆ ಮಾರ್ಕ್ಸ್ ಕೊಟ್ಟ ಹಾಗೆ.

ಇಂಟರ್ನೆಟ್ ಸರಿಯಿಲ್ಲ, ಲ್ಯಾಬ್‌ನಲ್ಲಿ ಗಿಟ್‌ಹಬ್ ಬ್ಲಾಕ್ ಮಾಡಿದ್ದೇವೆ ಅನ್ನುವ ನೆಪ ನಡೆಯುವುದಿಲ್ಲ. ಗಿಟ್‌ಗೆ ಇಂಟರ್ನೆಟ್ ಬೇಡ. ಪೂರ್ತಿ ಇತಿಹಾಸ ಪ್ರತಿಯೊಬ್ಬರ ಕಂಪ್ಯೂಟರ್‌ನಲ್ಲೂ ಇರುತ್ತದೆ. ಲ್ಯಾಬ್‌ನ ಒಂದು ಹಂಚಿಕೆಯ ಫೋಲ್ಡರ್, ಅದೂ ಇಲ್ಲವಾದರೆ ಒಂದು ಪೆನ್‌ಡ್ರೈವ್ ಇದ್ದರೆ ಒಬ್ಬರಿಂದ ಒಬ್ಬರಿಗೆ ಬದಲಾವಣೆ ಹೋಗುತ್ತದೆ. ಗಿಟ್‌ಹಬ್ ಬಂದದ್ದು 2008ರಲ್ಲಿ, ಅದಕ್ಕೂ ಮೊದಲೇ ಜನ ಗಿಟ್ ಬಳಸುತ್ತಿದ್ದರು.

ಪ್ರಾಜೆಕ್ಟ್ ನೋಡಿಕೊಳ್ಳುವ ಗೈಡ್‌ಗಳಿಗೆ ಸಮಯ ಇಲ್ಲ ಅನ್ನುವುದು ಮಾತ್ರ ನಿಜ. ಒಬ್ಬೊಬ್ಬರ ಕೈಕೆಳಗೆ ಎಷ್ಟೋ ಗುಂಪು. ಅದಕ್ಕೇ ಏಳನೇ ಸೆಮಿಸ್ಟರ್ ಶುರುವಿನಲ್ಲೇ ಗಿಟ್ ರೆಪೊಸಿಟರಿ (ಕೋಡ್ ಮತ್ತು ಅದರ ಇತಿಹಾಸ ಇರುವ ಫೋಲ್ಡರ್) ಮಾಡಿಸಿ, ಪ್ರತಿ ರಿವ್ಯೂ ದಿನ ರಿಪೋರ್ಟಿನ ಬದಲು ಹಿಂದಿನ ರಿವ್ಯೂನಿಂದ ಈಚಿನ ಲಾಗ್ ಒಂದು ಪುಟ ತೋರಿಸಿ ಅಂದರೆ ಸಾಕು. ಗೈಡ್‌ಗೂ ಓದುವುದು ಕಮ್ಮಿಯಾಗುತ್ತದೆ, ಜೆರಾಕ್ಸ್ ಅಂಗಡಿಗೆ ಹೋಗುವ ದುಡ್ಡೂ ಉಳಿಯುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ‘ಗಿಟ್ ಶಾರ್ಟ್‌ಲಾಗ್’ ಅಂತ ಒಂದಿದೆ, ಯಾರ ಹೆಸರಿನಲ್ಲಿ ಎಷ್ಟು ಕಮಿಟ್ ಅಂತ ಎಣಿಸಿ ಕೊಡುತ್ತದೆ. ಅದನ್ನು ನೋಡಿ ಮಾರ್ಕ್ಸ್ ಹಂಚಲು ದಯವಿಟ್ಟು ಹೋಗಬೇಡಿ. ಹಾಸ್ಟೆಲ್‌ನಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ ಮೂವರು ಕೂತು ಬರೆಯುವ ಗುಂಪುಗಳಿವೆ. ಲ್ಯಾಪ್‌ಟಾಪ್ ಯಾರದೋ ಅವರ ಹೆಸರಿನಲ್ಲೇ ಎಲ್ಲ ಕಮಿಟ್ ಆಗಿರುತ್ತದೆ. ಇಂಥವರಿಗೆ ಮೊದಲೇ ಹೇಳಿಕೊಡಿ: ಸಂದೇಶದ ಕೊನೆಯಲ್ಲಿ ‘ಕೋ-ಆಥರ್ಡ್-ಬೈ’ ಎಂದು ಜೊತೆಗಿದ್ದವರ ಹೆಸರು, ಇಮೇಲ್ ಹಾಕುವ ರೂಢಿ ಇದೆ, ಗಿಟ್‌ಹಬ್ ಅದನ್ನು ಗುರುತಿಸಿ ಎಲ್ಲರ ಹೆಸರೂ ತೋರಿಸುತ್ತದೆ. ಹಾಗೆ ಹಾಕದೆ ಬಂದವರಿದ್ದರೆ, ಹೆಸರಿಲ್ಲದ ಹುಡುಗಿಯನ್ನೇ ಕರೆದು ಒಂದು ಕಮಿಟ್ ತೋರಿಸಿ ಕೇಳಿ. ಅವಳು ಹೇಳಿದರೆ ಅವಳ ಮಾರ್ಕ್ಸ್ ಅವಳಿಗೆ ಕೊಡಿ.

ಇತಿ,
ಬಿಲ್ಲಿಂಗ್ ಸಾಫ್ಟ್‌ವೇರ್ ಕೆಲಸದವಳು,
ಬಸವೇಶ್ವರನಗರ, ಬೆಂಗಳೂರು